ಬಾಯಲ್ಲಿರೋದನ್ನೇ ಕೊಡಬೇಕು

ಈ ವಾರ ಓದುಗರೊಬ್ಬರು ತಮ್ಮ ಆನ್‌ಲೈನ್ ಕಾರ್ಟ್‌ನ ಸ್ಕ್ರೀನ್‌ಶಾಟನ್ನೇ ಕಳಿಸಿದ್ದಾರೆ. ನೇತ್ರಾಣಿಯಲ್ಲಿ ಸ್ಕೂಬಾ ಶುರು ಮಾಡಿ, ಅಂಡಮಾನ್‌ನಲ್ಲೂ ಮುಳುಗೆದ್ದು, ಈಗ ಟೆಕ್ನಿಕಲ್ ಡೈವಿಂಗ್ ಕೋರ್ಸ್‌ಗೆ ಸೇರ್ತಿದ್ದಾರಂತೆ. ಎರಡು ಡೈವ್ ಕಂಪ್ಯೂಟರ್, ಮೂರು ಚಾಕು, ನಾಲ್ಕು ಟಾರ್ಚು, ಲೆಕ್ಕವಿಲ್ಲದಷ್ಟು ಕ್ಲಿಪ್ಪು. ಒಟ್ಟು ಬಿಲ್ಲಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತೆ! "ಸೇಫ್ಟಿಗೆ ಇಷ್ಟು ಸಾಕಾ?" ಅಂತ ಕೇಳಿದ್ದಾರೆ.

ನಾನು ಮೊದಲು ಹುಡುಕಿದ್ದು ಒಂದು ಹೋಸ್ ಪೈಪನ್ನ. ಅದು ಲಿಸ್ಟಲ್ಲಿ ಇರಲೇ ಇಲ್ಲ.

ನಾವೆಲ್ಲ ಮಾಡುವ ಸಾಮಾನ್ಯ ಡೈವಿಂಗ್‌ಗೆ 40 ಮೀಟರ್ ಗಡಿ. ಏನೇ ಕೆಟ್ಟರೂ ಮೇಲೆ ಬರುವ ದಾರಿ ತೆರೆದಿರುತ್ತೆ. ಟೆಕ್ನಿಕಲ್ ಡೈವಿಂಗ್‌ನಲ್ಲಿ ತಲೆ ಮೇಲೊಂದು ಸೂರು ಇರುತ್ತೆ. ಗುಹೆಯಾದರೆ ಕಲ್ಲಿನ ಸೂರು. ತೆರೆದ ಸಮುದ್ರವಾದರೆ ಕಣ್ಣಿಗೆ ಕಾಣದ ಸೂರು: ರಕ್ತದಲ್ಲಿ ಕರಗಿರುವ ಗ್ಯಾಸ್ ನಿಧಾನವಾಗಿ ಹೊರಬರುವ ತನಕ, ಕೆಲವೊಮ್ಮೆ ಗಂಟೆಗಟ್ಟಲೆ, ಹಂತಹಂತವಾಗಿ ನಿಂತೇ ಮೇಲೇರಬೇಕು. ಹಾಗಾಗಿ ಸಮಸ್ಯೆ ಎಲ್ಲಿ ಬಂತೋ ಅಲ್ಲೇ ಪರಿಹಾರವಾಗಬೇಕು. ಸಲಕರಣೆ ಆರಿಸುವಾಗ ನಾನು ಕೇಳೋ ಪ್ರಶ್ನೆ ಇಷ್ಟೇ. ಜೊತೆಗಾರನ ಗ್ಯಾಸ್ ಮುಗಿದರೆ, ಕತ್ತಲಲ್ಲಿ, ಗಾಬರಿಯಲ್ಲಿ, ಅವನಿಗೆ ಉಸಿರು ಎಲ್ಲಿಂದ ಸಿಗುತ್ತೆ?

ಇದಕ್ಕೆ ಒಳ್ಳೇ ಉತ್ತರ ಕೊಟ್ಟವರು ಅಮೆರಿಕದ ಫ್ಲೋರಿಡಾದ ಗುಹೆ ಡೈವರ್‌ಗಳು. ಅಲ್ಲಿನ ಬುಗ್ಗೆಗಳ ಕೆಳಗೆ ನೀರು ತುಂಬಿದ ಮೈಲಿಗಟ್ಟಲೆ ಸುರಂಗಗಳಿವೆ. ಶೆಕ್ ಎಕ್ಸ್‌ಲಿ ಎಂಬ ಡೈವರ್ 1979ರಲ್ಲೇ ಅಲ್ಲಿನ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಪುಸ್ತಕ ಬರೆದ. ಹೊರಗಿನ ತನಕ ಬಿಡದೆ ದಾರದ ಗೆರೆ ಇರಬೇಕು, ಗ್ಯಾಸ್‌ನ ಮೂರನೇ ಒಂದು ಭಾಗ ಹೋಗೋಕೆ, ಒಂದು ಭಾಗ ಬರೋಕೆ, ಒಂದು ಭಾಗ ಆಪತ್ತಿಗೆ ಅನ್ನೋ ನಿಯಮಗಳು ಇಂಥ ಲೆಕ್ಕಾಚಾರದಿಂದ ಗಟ್ಟಿಯಾದವು. ಬಿಲ್ ಹೊಗಾರ್ತ್ ಮೇನ್ ಎಂಬ ಇನ್ನೊಬ್ಬ ಗುಹೆ ಡೈವರ್ ಮೈಮೇಲಿನ ಬೇಡದ್ದನ್ನೆಲ್ಲ ಕಿತ್ತುಹಾಕುತ್ತಾ ಹೋದ. ಆ ಜೋಡಣೆಗೆ ಇವತ್ತಿಗೂ ಅವನದೇ ಹೆಸರು.

ಅದರ ಜೀವಾಳವೇ ಆ ಹೋಸ್. ಸುಮಾರು 2 ಮೀಟರ್ ಉದ್ದ. ಅದರ ತುದಿಯ ರೆಗ್ಯುಲೇಟರ್ ನಿಮ್ಮ ಬಾಯಲ್ಲೇ ಇರುತ್ತೆ. ಇನ್ನೊಂದು, ಗಿಡ್ಡ ಹೋಸಿನದು, ರಬ್ಬರ್ ದಾರದಲ್ಲಿ ತಾಳಿಯ ಹಾಗೆ ಕತ್ತಿಗೆ ನೇತಾಡ್ತಿರುತ್ತೆ. ಗೆಳೆಯ ಸನ್ನೆ ಮಾಡಿದರೆ ಬಾಯಲ್ಲಿರೋದನ್ನ ತೆಗೆದು ಅವನಿಗೆ ಕೊಡ್ತೀರಿ, ಕತ್ತಿನದನ್ನ ನೀವು ಕಚ್ತೀರಿ. "ನಂದ್ಯಾಕೆ ಕೊಡ್ಲಿ, ಸ್ಪೇರ್ ಕೊಡ್ತೀನಿ" ಅಂತ ಅನ್ನಿಸೋದು ಸಹಜ. ಆದರೆ ಕೆಲಸ ಮಾಡ್ತಿದೆ ಅಂತ ಆ ಕ್ಷಣ ಖಾತ್ರಿ ಇರೋದು ನೀವು ಉಸಿರಾಡ್ತಿರೋದು ಒಂದೇ. ಆ ಆಳಕ್ಕೆ ಸರಿಯಾದ ಗ್ಯಾಸ್ ಅಂತ ಖಾತ್ರಿ ಇರೋದೂ ಅದೊಂದೇ. ಉದ್ದ ಯಾಕಂದ್ರೆ, ಇಕ್ಕಟ್ಟಿನ ಸುರಂಗದಲ್ಲಿ ಇಬ್ಬರು ಅಕ್ಕಪಕ್ಕ ಈಜೋಕಾಗಲ್ಲ, ಒಬ್ಬರ ಹಿಂದೆ ಒಬ್ಬರು ಬರಬೇಕು.

ಆ ಹೋಸ್ ಯಾವ ವಾಲ್ವ್‌ಗೆ ಅನ್ನೋದಕ್ಕೂ ಕಾರಣವಿದೆ. ಬೆನ್ನ ಮೇಲಿನ ಜೋಡಿ ಸಿಲಿಂಡರ್‌ನ ಗುಬುಟುಗಳು ಗುಹೆಯ ಚಾವಣಿಗೆ ಉಜ್ಜಿದಾಗ ಎಡಗಡೆಯದು ತಿರುಗಿ ಮುಚ್ಚಿಕೊಳ್ಳುತ್ತೆ, ಬಲಗಡೆಯದು ತೆರೆಯುವ ಕಡೆಗೇ ತಿರುಗುತ್ತೆ. ಅದಕ್ಕೇ ಉದ್ದನೆಯ ಹೋಸ್ ಬಲಕ್ಕೆ. ಯಾರೋ ಎಷ್ಟು ಯೋಚನೆ ಮಾಡಿದ್ದಾರೆ ನೋಡಿ!

ಇನ್ನು ಸಿಲಿಂಡರ್ ಅಳತೆ. ಇದನ್ನ ಕ್ಯಾಲ್ಕುಲೇಟರ್ ಆ್ಯಪ್ ತೆಗೆದೇ ಮಾಡಿ. 12 ಲೀಟರಿನ ಎರಡು ಸಿಲಿಂಡರ್, 200 ಬಾರ್ ಒತ್ತಡ ಅಂದ್ರೆ ಸುಮಾರು 4800 ಲೀಟರ್ ಗ್ಯಾಸ್. 50 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ 6 ಪಟ್ಟು, ಖರ್ಚೂ 6 ಪಟ್ಟು. ಶಾಂತವಾಗಿರುವವನು ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ ಅಲ್ಲಿ 120 ಆಗುತ್ತೆ, 40 ನಿಮಿಷ ಬರುತ್ತೆ. ಹೆದರಿದ ಇಬ್ಬರು ತಲಾ 40 ಎಳೆದರೆ ನಿಮಿಷಕ್ಕೆ 480. ತುಂಬಿದ ಸಿಲಿಂಡರೇ 10 ನಿಮಿಷ! ಅರ್ಧ ಖಾಲಿಯಾಗಿದ್ದರೆ ಐದೇ.

ಮೇಲೇರುವಾಗ ಉಸಿರಾಡೋಕೆ ಪಕ್ಕದಲ್ಲಿ ಬೇರೆ ಸಿಲಿಂಡರ್‌ಗಳಿರುತ್ತವೆ. ನನಗೆ ನಿಜವಾಗಿ ಭಯ ಇವುಗಳದ್ದೇ. ಶುದ್ಧ ಆಕ್ಸಿಜನ್ 6 ಮೀಟರ್‌ವರೆಗೆ ಮಾತ್ರ, ಶೇ. 50ರ ಮಿಶ್ರಣ 21 ಮೀಟರ್‌ವರೆಗೆ. ಅದಕ್ಕಿಂತ ಆಳದಲ್ಲಿ ಎಳೆದರೆ ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬಂದು, ರೆಗ್ಯುಲೇಟರ್ ಬಾಯಿಂದ ಜಾರಿ, ಮುಳುಗಿಯೇ ಹೋಗಬಹುದು. ನೋಡೋಕೆ ಎರಡೂ ಸಿಲಿಂಡರ್ ಅವಳಿ ಮಕ್ಕಳ ಥರ. ಬಣ್ಣ ನಂಬಬೇಡಿ, ಎಡ-ಬಲ ನಂಬಬೇಡಿ. ಆಳದ ಸಂಖ್ಯೆಯನ್ನು ಜೊತೆಗಾರನೂ ಓದುವಷ್ಟು ದೊಡ್ಡದಾಗಿ ಸಿಲಿಂಡರ್ ಮೇಲೆ ಅಂಟಿಸಿ. ಬದಲಾಯಿಸುವ ಮುಂಚೆ ಅವನಿಗೆ ತೋರಿಸಿ, ಹೋಸನ್ನ ವಾಲ್ವ್‌ನಿಂದ ಬಾಯಿವರೆಗೆ ಕೈಯಲ್ಲಿ ಸವರಿ ನೋಡಿ.

ಕಾರ್ಟ್‌ನಲ್ಲಿರೋ ಕ್ಲಿಪ್ಪುಗಳ ಬಗ್ಗೆ ಒಂದೇ ಮಾತು: ಒಳಗೆ ತಳ್ಳಿದರೆ ತೆರೆದುಕೊಳ್ಳೋ ಕ್ಯಾರಬೀನರ್ ಥರದ್ದು ಬೇಡವೇ ಬೇಡ. ದಾರ ತಾನಾಗೇ ಒಳಗೆ ನುಗ್ಗಿ ಸಿಕ್ಕಿಕೊಳ್ಳುತ್ತೆ. ಡೈವರ್‌ಗಳು ಅದಕ್ಕಿಟ್ಟ ಹೆಸರೇ 'ಸೂಸೈಡ್ ಕ್ಲಿಪ್'. ಬೋಲ್ಟ್ ಸ್ನ್ಯಾಪ್ ತಗೊಳ್ಳಿ, ಅದನ್ನೂ ಲೋಹಕ್ಕೆ ಲೋಹ ಸೇರಿಸದೆ ದಾರದಲ್ಲೇ ಕಟ್ಟಿ. ಸಿಕ್ಕಿಕೊಂಡರೆ ಕತ್ತರಿಸಬಹುದು. ಚಾಕು ಎರಡು ಸಾಕು, ಎರಡು ಕೈಗೂ ಎಟುಕಬೇಕು.

ನನ್ನ ಸಲಹೆ ಕೇಳಿದರೆ ಇವತ್ತು ಆ ಕಾರ್ಟ್‌ನಲ್ಲಿ ಯಾವುದನ್ನೂ ಕೊಳ್ಳಬೇಡಿ. ಕೋರ್ಸ್‌ನ ಇನ್‌ಸ್ಟ್ರಕ್ಟರ್ ಯಾವ ಜೋಡಣೆ ಕಲಿಸ್ತಾರೆ ಕೇಳಿ, ಅದನ್ನೇ ಬಾಡಿಗೆಗೆ ತಗೊಂಡು ಈಜುಕೊಳದಲ್ಲಿ ಹಾಕಿಕೊಳ್ಳಿ. ಕಣ್ಣು ಮುಚ್ಚಿ ಕೈಯನ್ನ ತಲೆಯ ಹಿಂದೆ ಒಯ್ದು ಮೂರೂ ವಾಲ್ವ್ ಮುಚ್ಚಿ ತೆರೆಯೋಕೆ ಆಗುತ್ತಾ ನೋಡಿ. ಭುಜ ಅಷ್ಟು ಬಗ್ಗಲ್ಲ ಅಂದ್ರೆ ಬೆನ್ನಿನ ಜೋಡಿ ಸಿಲಿಂಡರ್ ನಿಮಗಲ್ಲ, ಸಿಲಿಂಡರ್‌ಗಳನ್ನು ಪಕ್ಕೆಗೆ ಕಟ್ಟಿಕೊಳ್ಳೋ ಸೈಡ್‌ಮೌಂಟ್ ಬಗ್ಗೆ ವಿಚಾರಿಸಿ. ಅಲ್ಲಿ ವಾಲ್ವ್ ಕಣ್ಣೆದುರೇ ಇರುತ್ತೆ. ಆದರೆ ಎರಡು ಸಿಲಿಂಡರ್‌ಗೂ ಸಂಪರ್ಕವಿರಲ್ಲ, ಆಗಾಗ ಬದಲಿಸುತ್ತಾ ಉಸಿರಾಡಬೇಕು. ಹಾಗೇ, ಜೊತೆಗೆ ಇಳಿಯುವವರ ಬಳಿ ಏನಿದೆ ಅಂತಲೂ ಬರೆದು ಕಳಿಸಿ. ಅದು ಗೊತ್ತಿಲ್ಲದೆ ನಿಮ್ಮ ಲಿಸ್ಟಿಗೆ ಸೈ ಅನ್ನೋಕೆ ನನಗಾಗಲ್ಲ.