ಗಲ್ಲಾದ ಮುಂದೆ ಕೇಳಬೇಕಾದ ಒಂದು ಪ್ರಶ್ನೆ

2016ರ ಸೆಪ್ಟೆಂಬರ್ 12. ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶಕ್ಕೆ ಎರಡೂ ರಾಜ್ಯಗಳು ಕುದಿಯುತ್ತಿದ್ದವು. ಅಂದು ಚೆನ್ನೈನ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಒಂದು ಗುಂಪು ಪೆಟ್ರೋಲ್ ಬಾಂಬ್ ಎಸೆಯಿತು. ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಒಂದೇ ಡಿಪೋದಲ್ಲಿ ಸುಟ್ಟವು, ತಮಿಳು ಹೆಸರಿನ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ವುಡ್‌ಲ್ಯಾಂಡ್ಸ್ ದಕ್ಷಿಣ ಕನ್ನಡದ ಕಡಂದಲೆಯಿಂದ ಹೋದ ಕೃಷ್ಣರಾಯರು ಮದರಾಸಿನಲ್ಲಿ ಕಟ್ಟಿದ ಹೆಸರು. ಮೂರು ತಲೆಮಾರಿನ ತಮಿಳರು ಅಲ್ಲಿ ದೋಸೆ ತಿಂದಿದ್ದಾರೆ, ಮದುವೆ ಊಟ ಮುಗಿಸಿದ್ದಾರೆ. ಆದರೆ ಕೆಆರ್‌ಎಸ್‌ನ ಗೇಟಿನ ಕೀಲಿ ಆ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಇರಲಿಲ್ಲ. ಬೆಂಗಳೂರಿನಲ್ಲಿ ಪೊಂಗಲ್ ಬಡಿಸುತ್ತಿದ್ದವನ ಕೈಯಲ್ಲೂ ಇರಲಿಲ್ಲ.

ಇದು ಬಹಿಷ್ಕಾರವಲ್ಲ, ಪುಂಡಾಟ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ "ಅವರ ಹೋಟೆಲಿಗೆ ಹೋಗಬೇಡಿ" ಎಂಬ ಕರೆಗೂ ಮೊದಲ ಕಲ್ಲಿಗೂ ನಡುವೆ ಎಷ್ಟೋ ಸಲ ಒಂದು ಸಂಜೆಯಷ್ಟೇ ಅಂತರ ಇರುತ್ತದೆ. ಎರಡರ ಹಿಂದೆಯೂ ಒಂದೇ ಲೆಕ್ಕಾಚಾರ: ಸರ್ಕಾರ ದೂರದಲ್ಲಿದೆ, ಹೋಟೆಲು ಬೀದಿಯಲ್ಲೇ ಇದೆ, ಬಾಗಿಲು ತೆರೆದೇ ಇದೆ.

ಕನ್ನಡದಲ್ಲಿ 'ಬಹಿಷ್ಕಾರ' ಎಂಬ ಒಂದೇ ಪದಕ್ಕೆ ಎರಡು ಕೆಲಸ. ಗಿರಾಕಿ ತನ್ನ ದುಡ್ಡನ್ನು ತಡೆಹಿಡಿಯುವುದೂ ಬಹಿಷ್ಕಾರ. ಊರು ಒಂದು ಕುಟುಂಬಕ್ಕೆ ಬೆಂಕಿ, ನೀರು, ಮಾತು ನಿಲ್ಲಿಸುವುದೂ ಬಹಿಷ್ಕಾರ. ಮೊದಲನೆಯದು ಪ್ರಜೆಯ ಹಕ್ಕು. ಎರಡನೆಯದರ ವಿರುದ್ಧ ಮಹಾರಾಷ್ಟ್ರ ಪ್ರತ್ಯೇಕ ಕಾನೂನನ್ನೇ ಮಾಡಿದೆ; 2016ರಲ್ಲಿ ಶಾಸನಸಭೆ ಒಪ್ಪಿದ ಆ ಕಾಯ್ದೆ 2017ರಲ್ಲಿ ಜಾರಿಗೆ ಬಂತು. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಸರಳ ಪ್ರಶ್ನೆ ಸಾಕು: ಹೋಟೆಲಿನವನು ಏನು ಮಾಡಿದರೆ ಈ ಬಹಿಷ್ಕಾರ ನಿಲ್ಲುತ್ತದೆ?

ಉತ್ತರ ಇದ್ದ ಒಂದು ಪ್ರಸಂಗ ಚೆನ್ನೈನಲ್ಲೇ ಇದೆ. 1957ರಲ್ಲಿ ತಿರುವಲ್ಲಿಕ್ಕೇಣಿಯ ಮುರಳೀಸ್ ಕೆಫೆಯ ಮುಂದೆ ಪೆರಿಯಾರರ ದ್ರಾವಿಡ ಕಳಗಂ ಚಳವಳಿ ಹೂಡಿತು. ಬೋರ್ಡಿನ ಮೇಲಿದ್ದ 'ಬ್ರಾಹ್ಮಣ' ಎಂಬ ಪದ ತೆಗೆಯಬೇಕು ಎಂಬುದಷ್ಟೇ ಬೇಡಿಕೆ. ತಿಂಗಳುಗಟ್ಟಲೆ ಕಾರ್ಯಕರ್ತರು ಬಂದು ನಿಂತು ಬಂಧನಕ್ಕೊಳಗಾದರು. ಕೊನೆಗೆ ಆ ಪದ ಇಳಿಯಿತು. ಕನ್ನಡಿಗರಿಗೆ ಈ ಕಥೆ ಸ್ವಲ್ಪ ಚುಚ್ಚಬೇಕು. ಹೊರನಾಡಿನ ಉಡುಪಿ ಹೋಟೆಲುಗಳ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗ, ಹಿಂದೆ ಇಂಥ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇತ್ತೆಂಬುದನ್ನು ಯಾರೂ ಹೇಳುವುದಿಲ್ಲ. ಅದನ್ನು ಪ್ರಶ್ನಿಸುವುದು ಸರಿಯೇ ಆಗಿತ್ತು. ಯಜಮಾನ ತನ್ನ ನಡೆ ಬದಲಿಸಿಕೊಳ್ಳಬಹುದಿತ್ತು, ಬದಲಿಸಿಕೊಂಡ ಮರುದಿನವೂ ಕಾಫಿ ಮಾರಬಹುದಿತ್ತು.

ಉತ್ತರ ಇಲ್ಲದ ಪ್ರಸಂಗ ಮುಂಬೈಯದು. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಗುರಿ ದಕ್ಷಿಣದವರು. 'ಮಾರ್ಮಿಕ್' ವಾರಪತ್ರಿಕೆಯಲ್ಲಿ ಕಚೇರಿಗಳ ದಕ್ಷಿಣದ ಹೆಸರುಗಳ ಪಟ್ಟಿಗಳು ಅಚ್ಚಾದವು. 'ಹಟಾವೋ ಲುಂಗಿ, ಬಜಾವೋ ಪುಂಗಿ' ಎಂಬ ಘೋಷಣೆ ಬೀದಿಗೆ ಬಂತು. ತಕರಾರು ಇದ್ದದ್ದು ಆಫೀಸಿನ ಗುಮಾಸ್ತೆ ಕೆಲಸಗಳ ಬಗ್ಗೆ. ಏಟು ಬಿದ್ದದ್ದು ಉಡುಪಿ ಹೋಟೆಲಿನ ಗಾಜಿಗೆ. 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಗಲಭೆ ಎದ್ದಾಗಲೂ ಹಾಗೆಯೇ. ಬೆಳಗಾವಿ ಯಾರಿಗೆ ಸೇರಬೇಕೆಂದು ಮಾಟುಂಗದ ಹೋಟೆಲಿನ ಭಟ್ಟರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವರ ಉತ್ತರಕ್ಕೆ ಬೆಲೆ ಇರಲಿಲ್ಲ. ಬೇಡಿಕೆ ಏನೆಂದರೆ, ಅವರು ಅವರಾಗಿರಬಾರದು ಎಂಬುದು.

ಅಂಥ ದಿನಗಳಲ್ಲಿ ಶಟರ್ ಎಳೆದರೆ ಯಜಮಾನನಿಗೆ ವ್ಯಾಪಾರ ನಷ್ಟ. ಮಾಣಿಗೆ ಹಾಗಲ್ಲ. ಕರಾವಳಿಯಿಂದ ಬಂದ ಹುಡುಗರು ಹೋಟೆಲಿನಲ್ಲೇ ಉಂಡು, ಅಲ್ಲೇ ಚಾಪೆ ಹಾಸಿ ಮಲಗಿ, ಹಗಲು ಟೇಬಲ್ ಒರೆಸಿ, ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು. ಬಾಗಿಲು ಮುಚ್ಚಿದರೆ ಕೂಲಿ, ಊಟ, ಸೂರು ಮೂರೂ ಒಟ್ಟಿಗೆ ಹೋಗುತ್ತವೆ. ಗಿರಾಕಿಗೂ ನಷ್ಟವಿದೆ. ಕೋಣೆ ಹಂಚಿಕೊಂಡು ಬದುಕುತ್ತಿದ್ದ ಮರಾಠಿ ಗುಮಾಸ್ತನಿಗೆ ಬೆಳಗಿನ ಅಗ್ಗದ ಇಡ್ಲಿ ಸಿಗುತ್ತಿದ್ದದ್ದೂ ಅಲ್ಲೇ. ಅವನ ಹೆಸರಿನಲ್ಲೇ ಅವನ ತಿಂಡಿ ನಿಂತಿತು.

ಈಚಿನ ಎರಡು ಸಂಗತಿಗಳಿಗೂ ಇದೇ ಪ್ರಶ್ನೆ ಹಾಕಿ ನೋಡಬಹುದು. 2024ರ ಜುಲೈನಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯಲ್ಲಿ, ತಿಂಡಿ ಅಂಗಡಿಗಳು ಮಾಲೀಕರ ಹೆಸರು ಬರೆದು ತೂಗುಹಾಕಬೇಕೆಂಬ ಆದೇಶ ಬಂತು. 22ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಯಾವ ಬಗೆಯ ಆಹಾರ ಎಂದು ಬರೆಯಿಸಬಹುದು, ಹೆಸರು ಬರೆಯಲು ಬಲವಂತ ಮಾಡುವಂತಿಲ್ಲ ಎಂದಿತು. ಬಹಿಷ್ಕಾರಕ್ಕೆ ಕರೆ ಕೊಡದೆಯೇ ಬಹಿಷ್ಕಾರ ಮಾಡಿಸುವ ದಾರಿ ಅದಾಗಿತ್ತು. ಅಡುಗೆಯಲ್ಲಿ ಬೆಳ್ಳುಳ್ಳಿ ಇದೆಯೇ ಎಂದು ಕೇಳುವುದು ಗಿರಾಕಿಯ ಹಕ್ಕು. ಬೆಳ್ಳುಳ್ಳಿಯನ್ನು ಬಿಡಬಹುದು, ತಂದೆತಾಯಿ ಇಟ್ಟ ಹೆಸರನ್ನು ಏನು ಮಾಡುವುದು?

ಎರಡನೆಯದು ಅಷ್ಟು ಸುಲಭವಲ್ಲ. 2023ರ ಅಕ್ಟೋಬರಿನಲ್ಲಿ ಮೆಕ್‌ಡೊನಾಲ್ಡ್ಸ್‌ನ ಇಸ್ರೇಲಿನ ಫ್ರಾಂಚೈಸಿ ಅಲ್ಲಿನ ಸೈನಿಕರಿಗೆ ಉಚಿತ ಊಟ ಕೊಟ್ಟಿತು. ಆಕ್ಷೇಪ ಒಂದು ಕೃತ್ಯದ ಬಗ್ಗೆ, ಆದ್ದರಿಂದ ಬಹಿಷ್ಕಾರ ನ್ಯಾಯವಾದದ್ದೇ. ಪೆಟ್ಟು ಮಾತ್ರ ಮಲೇಷ್ಯಾದಂಥ ದೇಶಗಳಲ್ಲಿ, ಬೇರೆ ಮಾಲೀಕತ್ವದ ಅಂಗಡಿಗಳಿಗೂ ಬಿತ್ತು. ಮಲೇಷ್ಯಾದ ಸಂಸ್ಥೆ ಪ್ಯಾಲೆಸ್ತೀನಿಯರಿಗೆ ದೇಣಿಗೆ ಕೊಟ್ಟಿದ್ದರೂ ಬಿತ್ತು. ಆದರೂ ಒಂದು ಫಲ ಕಂಡಿತು: ಮಾರಾಟ ಕುಸಿದ ಮೇಲೆ, 2024ರ ಏಪ್ರಿಲಿನಲ್ಲಿ, ಮೂಲ ಕಂಪನಿ ಇಸ್ರೇಲಿನ 225 ಅಂಗಡಿಗಳನ್ನು ಫ್ರಾಂಚೈಸಿಯಿಂದ ತಾನೇ ಕೊಳ್ಳುವುದಾಗಿ ಘೋಷಿಸಿತು. ಜಗತ್ತಿಗೆಲ್ಲ ಒಂದೇ ಹೆಸರು ಮಾರುವ ಕಂಪನಿ ಆ ಹೆಸರಿನ ಹೊಣೆಯನ್ನೂ ಹೊರಬೇಕು. ಬೀದಿಯ ಒಂಟಿ ಹೋಟೆಲಿಗೆ ಹಾಗೆ ಹೊಣೆ ಹೊರುವ ಮೂಲ ಕಂಪನಿ ಇಲ್ಲ.

ಹೊರನಾಡಿನ ಕನ್ನಡಿಗರು ಈ ಪ್ರಶ್ನೆಯ ಎರಡೂ ಬದಿಯಲ್ಲಿದ್ದಾರೆ. ಪುಣೆಯಲ್ಲೋ ಚೆನ್ನೈನಲ್ಲೋ ಗಡಿ ಅಥವಾ ನದಿಯ ಸುದ್ದಿ ಬಿಸಿಯಾದಾಗ, ಕನ್ನಡದ ಹೆಸರಿನ ಹೋಟೆಲಿನವನು ಶಟರನ್ನು ಅರ್ಧಕ್ಕೆ ಇಳಿಸಿ ಕೂರಬೇಕಾಗುತ್ತದೆ. ಅದೇ ವಾರ ಬೆಂಗಳೂರಿನ ನೆಂಟರ ಗುಂಪಿನಲ್ಲಿ "ಇಂಥವರ ಹೋಟೆಲಿಗೆ ಕಾಲಿಡಬೇಡಿ, ಒಂದೇ ನಕ್ಷತ್ರ ಕೊಡಿ" ಎಂಬ ಸಂದೇಶ ಫೋನಿಗೆ ಬರುತ್ತದೆ. ಕನ್ನಡದಲ್ಲಿ ಬೋರ್ಡು ಹಾಕಿ, ಗಿರಾಕಿಗೆ ಕನ್ನಡದಲ್ಲಿ ಉತ್ತರ ಕೊಡಿ ಎಂದು ಕೇಳುವುದಾದರೆ ಅದು ಹೋಟೆಲಿನವನು ಮಾಡಬಹುದಾದ ಕೆಲಸ. ಮಾಡದಿದ್ದರೆ ಹೋಗದಿರುವುದೂ ಸರಿ. ನೀರು ಬಿಡಿ ಎಂದೋ, ನಿಮ್ಮೂರಿನಲ್ಲಿ ಹುಟ್ಟಬೇಡಿ ಎಂದೋ ಕೇಳಿದಂತಿದ್ದರೆ ಅದು ಅವನ ಕೈಯಲ್ಲಿಲ್ಲ.

ಆ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು, ಮಾಟುಂಗದ ಮಾಣಿಯ ವಿಷಯದಲ್ಲಿ ಬಯಸಿದ ನ್ಯಾಯವನ್ನೇ ಬೆಂಗಳೂರಿನಲ್ಲಿ ಪೊಂಗಲ್ ಬಡಿಸುವವನಿಗೂ ಕೊಡಲು ಸಾಧ್ಯವೇ ಎಂದು ನೋಡಬೇಕು. ಆಗದಿದ್ದರೆ ಅದನ್ನು ಅಳಿಸುವುದೇ ಮೇಲು.