ಮರಳಿ ಬೆಳೆಯುವ ಗುಲ್ಮ, ಮರಳಿ ಬಾರದ ಕಾವಲು

ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮವು ವಯಸ್ಕರಲ್ಲಿ ಸುಮಾರು 150 ಗ್ರಾಂ ತೂಗುವ ಅಂಗ. ಹಳತಾದ ಕೆಂಪು ರಕ್ತಕಣಗಳನ್ನು ಸೋಸುವುದೂ ರಕ್ತಕ್ಕೆ ನುಗ್ಗಿದ ರೋಗಾಣುಗಳನ್ನು ಹಿಡಿಯುವುದೂ ಅದರ ಕೆಲಸ. ಅದಿಲ್ಲದೆಯೂ ಮನುಷ್ಯ ಬದುಕಬಲ್ಲನೆಂಬ ಕಾರಣದಿಂದ, ಪೆಟ್ಟು ತಗಲಿ ಒಡೆದ ಗುಲ್ಮವನ್ನು ಪೂರ್ತಿಯಾಗಿ ತೆಗೆಯುವುದೇ ಬಹುಕಾಲ ವಾಡಿಕೆಯಾಗಿತ್ತು. ಗುಲ್ಮ ತೆಗೆದ ಹಸುಗೂಸುಗಳು ತೀವ್ರ ಸೋಂಕಿಗೆ ತುತ್ತಾದುದನ್ನು 1952ರಲ್ಲಿ ಅಮೆರಿಕದ ವೈದ್ಯರಾದ ಕಿಂಗ್ ಮತ್ತು ಶುಮೇಕರ್ ವರದಿ ಮಾಡಿದರು. ಅನಂತರ ಈ ಧೋರಣೆ ಕ್ರಮೇಣ ಬದಲಾಯಿತು. ಗುಲ್ಮದ ಒಂದು ಭಾಗವನ್ನಾದರೂ ಉಳಿಸಿದರೆ ಅದು ಮತ್ತೆ ಬೆಳೆದೀತೇ ಎಂಬ ಪ್ರಶ್ನೆಗೆ ಬೆಲೆ ಬಂದಿತು.

ಅಂಗವೊಂದು ಮರಳಿ ಬೆಳೆಯುವುದಕ್ಕೆ ಯಕೃತ್ತು ಪ್ರಸಿದ್ಧ ನಿದರ್ಶನ. 1931ರಲ್ಲಿ ಹಿಗಿನ್ಸ್ ಮತ್ತು ಆ್ಯಂಡರ್ಸನ್ ಇಲಿಯ ಯಕೃತ್ತಿನ ಮೂರನೆಯ ಎರಡು ಭಾಗವನ್ನು ತೆಗೆದು ಪರೀಕ್ಷಿಸುವ ವಿಧಾನವನ್ನು ವಿವರಿಸಿದರು. ಇಂಥ ಇಲಿಗಳಲ್ಲಿ ಯಕೃತ್ತು ಏಳರಿಂದ ಹತ್ತು ದಿನಗಳಲ್ಲಿ ಹೆಚ್ಚುಕಡಿಮೆ ಹಿಂದಿನ ತೂಕಕ್ಕೆ ಮರಳುತ್ತದೆ. ಕತ್ತರಿಸಿದ ಹಾಲೆಗಳು ಮತ್ತೆ ಚಿಗುರುವುದಿಲ್ಲ. ಉಳಿದ ಹಾಲೆಗಳೇ ಹಿಗ್ಗಿ ಕೊರತೆಯನ್ನು ತುಂಬುತ್ತವೆ.

ಗುಲ್ಮಕ್ಕೆ ಇಷ್ಟು ವೇಗವೂ ಇಲ್ಲ, ಇಂಥ ನಿಶ್ಚಿತತೆಯೂ ಇಲ್ಲ. ಆದರೂ ಅದರ ಛಲ ಬೆರಗು ಹುಟ್ಟಿಸುವಂಥದು. ಪ್ರಯೋಗಾಲಯದ ಇಲಿಗಳಲ್ಲಿ ಗುಲ್ಮದ ಚೂರುಗಳನ್ನು ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯಲ್ಲಿ ನೆಟ್ಟರೆ, ರಕ್ತ ಸಿಗದ ನಡುಭಾಗ ಮೊದಲ ದಿನಗಳಲ್ಲೇ ಸಾಯುತ್ತದೆ. ಅಂಚಿನ ತೆಳುಪದರವೊಂದೇ ಬದುಕುಳಿಯುತ್ತದೆ. ಅದರತ್ತ ಹೊಸ ರಕ್ತನಾಳಗಳು ಹಬ್ಬಿ, ಕೆಲವು ವಾರಗಳಲ್ಲಿ ಗುಲ್ಮದ ಕೆಂಪು ತಿರುಳೂ ಬಿಳಿ ತಿರುಳೂ ಮತ್ತೆ ರೂಪುಗೊಳ್ಳುತ್ತವೆ. ಮನುಷ್ಯರಲ್ಲಿಯೂ ಗಾಯದ ವೇಳೆ ಚೆದುರಿದ ಚೂರುಗಳು ಹೀಗೆ ಬೇರೂರುವುದುಂಟು.

ಆದರೆ ಬೆಳೆದುದೆಲ್ಲ ದುಡಿಯುತ್ತದೆಂದು ಭಾವಿಸಲಾಗದು. ನೆಟ್ಟ ಚೂರು ರಕ್ತಕಣಗಳನ್ನು ಸೋಸಬಲ್ಲದಾದರೂ, ನ್ಯುಮೋನಿಯಾ ತರುವ ನ್ಯುಮೋಕಾಕಸ್ ರೋಗಾಣುವನ್ನು ಇಡೀ ಗುಲ್ಮದಷ್ಟು ಸಮರ್ಥವಾಗಿ ತಡೆಯಲಾರದು. ರೋಗಾಣುವನ್ನು ಹಿಡಿಯಲು ಗುಲ್ಮದ ಮೂಲಕ ರಕ್ತ ಸಮೃದ್ಧವಾಗಿ ಹರಿಯಬೇಕು. ಆದುದರಿಂದಲೇ, ತನ್ನದೇ ಧಮನಿಯೊಂದಿಗೆ ಉಳಿಸಿದ ಗುಲ್ಮದ ಭಾಗವು ಬೇರೆಡೆ ನೆಟ್ಟ ಚೂರಿಗಿಂತ ಮೇಲು. ಇಂದು ಶಸ್ತ್ರವೈದ್ಯರು ಸಾಧ್ಯವಿದ್ದಲ್ಲೆಲ್ಲ ಗುಲ್ಮವನ್ನು ಉಳಿಸಲು ಯತ್ನಿಸುತ್ತಾರೆ.

ಮನೆಗಳಿಗೂ ಇದರಲ್ಲಿ ಒಂದು ಪಾಠವಿದೆ. ಗುಲ್ಮ ತೆಗೆಸಿಕೊಂಡ ಮಗುವಿಗೆ ವೈದ್ಯರು ಸೂಚಿಸಿದ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ಅಂಥ ಮಗುವಿಗೆ ಜ್ವರ ಬಂದರೆ ನಾಳೆ ನೋಡೋಣವೆನ್ನದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗುಲ್ಮ ತೆಗೆದಿರುವ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.