ತಾರೀಖು ಕಾಯಬಹುದು, ಕಣ್ಣು ಕಾಯದು



“ಈಗ ಆಗುವುದಿಲ್ಲ, ಮೂರು ತಿಂಗಳು ಬಿಟ್ಟು ಬಾ.” ಕಣ್ಣು ತೋರಿಸಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಥ ಮಾತು ಕೇಳಿ ಹಿಂದಿರುಗಿದವರು ನಮ್ಮ ಪಾಡಿಗಳಲ್ಲಿದ್ದಾರೆ. ಒಂದು ದಿನದ ಕೂಲಿ ಹೋಯಿತು, ಕೈಗೆ ಬಂದದ್ದು ಚೀಟಿಯ ಮೇಲೆ ಬರೆದ ಒಂದು ತಾರೀಖು. ರೋಗವು ಗ್ಲಾಕೋಮಾ ಆಗಿದ್ದರೆ, ಆ ತಾರೀಖು ಬರುವಷ್ಟರಲ್ಲಿ ಹೋದ ದೃಷ್ಟಿಯನ್ನು ಯಾವ ಡಾಕ್ಟರೂ ಮರಳಿ ತಂದುಕೊಡಲಾರರು.

ಕಣ್ಣು ಮಂಜಾದರೆ ನಾವೆಲ್ಲ “ಪೊರೆ” ಎನ್ನುತ್ತೇವೆ. ಪೊರೆ ಬೇರೆ, ಗ್ಲಾಕೋಮಾ ಬೇರೆ. ಪೊರೆಯ ಶಸ್ತ್ರಕ್ರಿಯೆ ಸ್ವಲ್ಪ ತಡವಾದರೂ ಸಾಮಾನ್ಯವಾಗಿ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ, ಮೆದುಳಿಗೆ ಹೋಗುವ ನರವೇ ಸಾಯುತ್ತದೆ. ಸತ್ತ ನರ ಮತ್ತೆ ಹುಟ್ಟದು. ಬಹಳ ಜನರಿಗೆ ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ. ಎದುರಿನ ಚಿಗುರು ಕಾಣುತ್ತಲೇ ಇರುವುದರಿಂದ ಎಲೆ ಕೀಳುವವರಿಗೆ ಏನೂ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ಪಕ್ಕದ ಕಲ್ಲು ಎಡವಿದರೆ “ವಯಸ್ಸಾಯಿತು” ಎಂದು ಮೇಸ್ತ್ರಿ ನಗುತ್ತಾನೆ.

ಹಾಗಿದ್ದ ಮೇಲೆ ಎರಡು ರೋಗಕ್ಕೂ ಒಂದೇ ಸಾಲು ಏಕೆ? 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಪೊರೆಯ ಶಸ್ತ್ರಕ್ರಿಯೆಗೆ ಬಹಳ ಮಾಡಿದೆ, ಅಲ್ಲಗಳೆಯುವುದಿಲ್ಲ. ಆದರೆ ಪೊರೆ ತೆಗೆದದ್ದನ್ನು ಎಣಿಸಿ ತೋರಿಸಬಹುದು. ಗ್ಲಾಕೋಮಾಕ್ಕೆ ದಿನವೂ ಹನಿ ಔಷಧ, ಮತ್ತೆ ಮತ್ತೆ ತಪಾಸಣೆ, ಜೀವನವಿಡೀ ಚಿಕಿತ್ಸೆ. ಎಣಿಕೆಗೆ ಸಿಗದ ಕೆಲಸ ಸಾಲಿನ ಹಿಂದಕ್ಕೆ ಹೋಗುತ್ತದೆ.

“ಡಾಕ್ಟರು ಕಡಿಮೆ, ರೋಗಿಗಳು ಹೆಚ್ಚು” ಎನ್ನುತ್ತಾರೆ. ನಿಜವಿರಬಹುದು. ಡಾಕ್ಟರ ಮೇಲೆ, ದಾದಿಯರ ಮೇಲೆ ನಮಗೆ ಕೋಪವಿಲ್ಲ. ಆದರೆ ಕಡಿಮೆ ಇರುವಾಗಲೇ ಅಲ್ಲವೇ, ಯಾರನ್ನು ಮೊದಲು ನೋಡಬೇಕೆಂಬ ನಿಯಮ ಬೇಕಾಗುವುದು? ವಯನಾಡು 1980ರಲ್ಲಿ ಜಿಲ್ಲೆಯಾಯಿತು; 2021ರಲ್ಲಿ ಮಾನಂತವಾಡಿಯ ಜಿಲ್ಲಾ ಆಸ್ಪತ್ರೆ ಮೆಡಿಕಲ್ ಕಾಲೇಜಾಯಿತು. ಹೆಸರಿನೊಡನೆ ಸೇವೆಯೂ ಬೆಳೆಯಬೇಕು. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕಲ್ಲಿಕೋಟೆಗೆ ಹೋಗೆಂದರೆ, ದಿನಗೂಲಿಯವರಿಗೆ ಅದು “ಹೋಗಬೇಡ” ಎಂದಂತೆಯೇ.

ತೋಟದ ಆಡಳಿತವೂ ಕೈ ತೊಳೆದುಕೊಳ್ಳುವಂತಿಲ್ಲ. ಕಾರ್ಮಿಕರಿಗೂ ಕುಟುಂಬಕ್ಕೂ ವೈದ್ಯಕೀಯ ಸೌಕರ್ಯ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯ 10ನೇ ಕಲಮು ಹೇಳಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಆ ಮಾತಿದೆ. ಜ್ವರದ ಮಾತ್ರೆ ಕೊಟ್ಟರೆ ಸೌಕರ್ಯ ಮುಗಿಯಿತೇ?

ನಮ್ಮ ಬೇಡಿಕೆಗಳು ಇವು:

1. ನಲವತ್ತು ದಾಟಿದವರಿಗೂ, ಹೆತ್ತವರಲ್ಲಿ ಅಥವಾ ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರಿಗೂ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ತೋಟದ ಹತ್ತಿರವೇ ಆಗಬೇಕು.

2. ರೋಗ ಗುರುತಾದವರಿಗೆ, ಸಂಶಯವಿರುವವರಿಗೆ ಬೇರೆ ಸಾಲು, ಬೇಗನೆ ತಾರೀಖು.

3. ಹನಿ ಔಷಧ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತಡೆಯಿಲ್ಲದೆ ಸಿಗಬೇಕು.

4. ತಪಾಸಣೆಗೆ ಹೋದ ದಿನದ ಕೂಲಿ ಹಿಡಿಯಬಾರದು.

ನಮ್ಮವರಿಗೂ ಒಂದು ಮಾತು. ತಾರೀಖು ದೂರವಿದೆಯೆಂದು ಹನಿ ನಿಲ್ಲಿಸಬೇಡಿ. ಸೀಸೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಹೋಗಿ. ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಬೇಡಿ. ಸ್ಟೀರಾಯ್ಡ್ ಇರುವ ಹನಿಯೇ ಒತ್ತಡ ಏರಿಸಬಹುದು. ಒಮ್ಮೆಲೇ ಕಣ್ಣು ಕೆಂಪಾಗಿ, ನೋವು ಹೆಚ್ಚಿ, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ತಾರೀಖು ನೋಡಬೇಡಿ, ಆಗಲೇ ಆಸ್ಪತ್ರೆಗೆ ಓಡಿ.

ಯೆರಿಕೋ ಊರಿನ ದಾರಿಬದಿಯ ಬಾರ್ತಿಮಾಯನ ಬಾಯಿ ಮುಚ್ಚಿಸಲು ಜನರೇ ಮುಂದಾಗಿದ್ದರು. ಅವನು ದನಿ ತಗ್ಗಿಸಲಿಲ್ಲ. ನಾವೂ ತಗ್ಗಿಸುವುದು ಬೇಡ. ಆಸ್ಪತ್ರೆಯ ಚೀಟಿ ಎಸೆಯಬೇಡಿ. ಹೋದ ದಿನ ಯಾವುದು, ಕೊಟ್ಟ ತಾರೀಖು ಯಾವುದು, ಎರಡನ್ನೂ ಬರೆದು ಮುಂದಿನ ಯೂನಿಯನ್ ಸಭೆಗೆ ತನ್ನಿ. ಒಬ್ಬರ ಚೀಟಿ ಬರೀ ಗೋಳು. ನೂರು ಚೀಟಿ ಸೇರಿದರೆ ಅದು ಸಾಕ್ಷಿ.